ಎಲ್ಲರೂ ಐದೇ ನಿಮಿಷ ದೂರ

ಜೂನ್ 9

ಹನ್ನೆರಡು ವರ್ಷ ಒಂದನೇ ತರಗತಿಗೆ ಅಕ್ಷರ ಕಲಿಸಿದ ನಾನು ಇವತ್ತು ಬೆಳಿಗ್ಗೆ ಆರಕ್ಕೆ ಐವತ್ತೆರಡು ಮೆಟ್ಟಿಲು ಹತ್ತಿ ಮತ್ತೆ ಒಂದನೇ ತರಗತಿಗೇ ಸೇರಿದೆ. ಸಾನ್ ಇಲಾರಿಯೊ ವಿಮಾನ ನಿಲ್ದಾಣದ ಟವರ್ ಕೆಳಗಿನಿಂದ ನೀರಿನ ಟ್ಯಾಂಕಿನ ಹಾಗೆ ಕಾಣುತ್ತದೆ. ಮೇಲೆ ಹೋದರೆ ನಾಲ್ಕೂ ಕಡೆ ಗಾಜು, ಗಾಜಿನಾಚೆ ಕಣ್ಣು ಹರಿಯುವಷ್ಟು ಹುಲ್ಲುಗಾವಲು, ನಡುವೆ ಒಂದೇ ಒಂದು ರನ್‌ವೇ. ಏದುಸಿರು ಬಿಡುತ್ತ ನಿಂತಿದ್ದೆ. ದೋನ್ ಓಸ್ಮಾನ್ ಯೂಕೊ ಕುರ್ಚಿಯಿಂದ ಏಳದೆ, "ಮೊದ್ಲು ಉಸಿರು ಎಳ್ಕೊಳ್ಳಿ ಟೀಚರ್. ಮೈಕಲ್ಲಿ ಏದುಸಿರು ಕೇಳಿಸಿದ್ರೆ ಮೇಲಿರೋರು ಹೆದರ್ಕೋತಾರೆ," ಎಂದರು.

ಇನ್ನು ಮುಂದೆ ಅವರೇ ನನ್ನ ಗುರು. ಅರವತ್ತೊಂದು ವರ್ಷ ವಯಸ್ಸು, ಅದರಲ್ಲಿ ಮೂವತ್ತನಾಲ್ಕು ಈ ಗಾಜಿನ ಗೂಡಿನಲ್ಲೇ ಕಳೆದಿದೆ. ಕೊಚಬಾಂಬಾದಲ್ಲಿ ಹತ್ತು ತಿಂಗಳು ವಿಮಾನ ಸಂಚಾರ ನಿಯಂತ್ರಣದ ಪುಸ್ತಕ ಓದಿ ಒಳ್ಳೆಯ ಅಂಕ ತಂದಿದ್ದೇನೆಂದು ಹೇಳಿದೆ. "ಅದನ್ನ ಕೆಳಗೇ ಬಿಟ್ಟು ಬಂದಿದ್ರೆ ಮೆಟ್ಟಿಲು ಹತ್ತೋದು ಸಲೀಸಾಗ್ತಿತ್ತು," ಎಂದರು.

ಈ ಪುಸ್ತಕ ಯಾರಿಗೂ ತೋರಿಸುವುದಕ್ಕಲ್ಲ. ಮನೆಯಲ್ಲಿ ಹೇಳಿದರೆ ಗಂಡ ರುಡ್ಡಿ ನಗುತ್ತಾನೆ, ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತೇನೆ. ಮೊದಲಿಗೆ ಕರಾರು: ಶಾಲೆಯಿಂದ ಪಡೆದ ಎರಡು ವರ್ಷದ ಸಂಬಳವಿಲ್ಲದ ರಜೆ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ರಾಜಧಾನಿ ಲಾ ಪಾಸ್‌ನಿಂದ ಪರೀಕ್ಷಕರು ಬಂದು, ನಾನು ಕೆಲಸ ಮಾಡುವುದನ್ನು ನೋಡಿ ಪರವಾನಗಿ ಕೊಟ್ಟರೆ ಶಾಲೆಗೆ ರಾಜೀನಾಮೆ. ಕೊಡದಿದ್ದರೆ ಮತ್ತೆ ಸೀಮೆಸುಣ್ಣ. ಸರ್ಕಾರಿ ಟೀಚರ್ ಕೆಲಸವನ್ನು ನಮ್ಮೂರಲ್ಲಿ ಒಮ್ಮೆ ಬಿಟ್ಟರೆ ಮತ್ತೆ ಸಿಗುವುದು ಮುಂದಿನ ಜನ್ಮದಲ್ಲಿ. ಖಚಿತವಾಗದ ಹೊರತು ಬಿಡುವುದಿಲ್ಲ ಎಂದು ರುಡ್ಡಿಗೂ ಅಮ್ಮನಿಗೂ ಮಾತು ಕೊಟ್ಟಿದ್ದೇನೆ. ನೈದಾ ಕುವೆನೆ ಖಚಿತವಾಗಿ ಗೊತ್ತಿಲ್ಲದ ಕಡೆ ಕಾಲಿಡುವವಳಲ್ಲ.

ಯಾಕೆ ಹೊರಟೆ ಎಂದು ಎಲ್ಲರೂ ಕೇಳುತ್ತಾರೆ. ನಿಜ ಹೇಳಲು ನಾಚಿಕೆ. ನಮ್ಮ ಶಾಲೆಯ ಮೇಲೆ ದಿನಕ್ಕೆ ಹತ್ತಾರು ವಿಮಾನ ಹೋಗುತ್ತವೆ. ಎಲ್ಲಿಗೆ ಹೋಗ್ತಿದೆ ಟೀಚರ್ ಎಂದು ಮಕ್ಕಳು ಕೇಳಿದರೆ, ತಲೆಯೆತ್ತದೆ "ಬ್ರೆಜಿಲ್‌ಗೆ" ಎನ್ನುತ್ತಿದ್ದೆ. ಒಂದು ದಿನ ಆರು ವರ್ಷದ ಹುಡುಗಿಯೊಬ್ಬಳು, "ಹಂಗಾದ್ರೆ ಬ್ರೆಜಿಲ್ ಇಷ್ಟೊತ್ತಿಗೆ ತುಂಬಿ ಹೋಗಿರ್ಬೇಕಲ್ವಾ ಟೀಚರ್?" ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಜಕ್ಕೂ ಅವು ಎಲ್ಲಿಗೆ ಹೋಗುತ್ತವೆ?

ಜೂನ್ 17

ಈಗ ಗೊತ್ತು. ಬೌರೆಸ್‌ಗೆ, ಮಗ್ದಲೇನಾಗೆ, ನದಿಯಾಚೆಯ ದನದ ಎಸ್ಟೇಟುಗಳಿಗೆ. ಹೋಗುವಾಗ ಉಪ್ಪು, ಡೀಸೆಲ್, ಔಷಧಿ, ಮದುಮಗಳ ಬಟ್ಟೆ. ಬರುವಾಗ ಮಾಂಸ, ಗಿಣ್ಣು, ಹಲ್ಲುನೋವಿನವರು. ಬ್ರೆಜಿಲ್‌ಗೆ ಒಂದೂ ಇಲ್ಲ.

ನಮ್ಮಲ್ಲಿ ರೇಡಾರ್ ಇಲ್ಲ. ಎರಡು ಕಣ್ಣು, ಒಂದು ರೇಡಿಯೊ, ಒಂದಿಷ್ಟು ಕಾಗದದ ಚೀಟಿ. ಪ್ರತಿ ವಿಮಾನಕ್ಕೂ ಒಂದು ಚೀಟಿ ಬರೆದು ಹಲಗೆಯಲ್ಲಿ ಸಿಕ್ಕಿಸುತ್ತೇವೆ. ಇಳಿಯುವ ಸರದಿಯಂತೆ ಚೀಟಿಗಳು ಮೇಲೆ ಕೆಳಗೆ ಸರಿಯುತ್ತವೆ. ಆದರೆ ಚೀಟಿ ಮುಖ್ಯವಲ್ಲವಂತೆ. ಯಾವ ವಿಮಾನ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಇನ್ನೆರಡು ನಿಮಿಷಕ್ಕೆ ಎಲ್ಲಿರುತ್ತದೆ ಎಂಬುದೆಲ್ಲ ತಲೆಯೊಳಗೆ ಒಂದೇ ನೋಟಕ್ಕೆ ಕಾಣುತ್ತಿರಬೇಕು. ಇಲ್ಲಿಯವರು ಅದಕ್ಕೆ "ಚಿತ್ರ" ಎನ್ನುತ್ತಾರೆ. "ಚಿತ್ರ ಇದ್ರೆ ಕೆಲಸ. ಚಿತ್ರ ಹೋದ್ರೆ ನೀವೂ ಒಬ್ಬ ಪ್ರೇಕ್ಷಕರು, ಟಿಕೆಟ್ ಇಲ್ದೆ ಹತ್ತಿ ಬಂದೋರು," ಎಂದರು ದೋನ್ ಓಸ್ಮಾನ್.

ಇವತ್ತು ಮೊದಲ ಸಲ ಮೈಕ್ ಹಿಡಿದೆ. ಮೊದಲ ಪೈಲಟ್ ಕ್ಯಾಪ್ಟನ್ ಲಿಂಬರ್ ರೋಕಾ. ಉದ್ದ ಕಾಲಿನವನಾದ್ದರಿಂದ ಇಡೀ ಬಯಲುಸೀಮೆ ಅವನನ್ನು ಪಿಯೊ, ಅಂದರೆ ನಮ್ಮ ಹುಲ್ಲುಗಾವಲಿನ ಉಷ್ಟ್ರಪಕ್ಷಿ, ಎಂದೇ ಕರೆಯುತ್ತದೆ. ಯಾವ ಕಡೆಯಿಂದ ಬರಬೇಕು, ಯಾಕೆ ಬರಬೇಕು, ಬರದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಿ, ಅರ್ಥವಾಯಿತಾ ಎಂದೂ ಕೇಳಿದೆ. ಆಮೇಲೆ ಅವನ ದನಿ: "ಅರ್ಥ ಆಯ್ತು ಟೀಚರ್. ಹೋಂವರ್ಕ್ ಏನಾದ್ರೂ ಇದೆಯಾ?" ಇಡೀ ಆಕಾಶ ನಕ್ಕಿತು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು.

ರಾತ್ರಿ ಊಟಕ್ಕೆ ಬಾಳೆಕಾಯಿ, ಒಣಮಾಂಸ ಸೇರಿಸಿ ಮಸಾಕೊ ಕುಟ್ಟುತ್ತಿದ್ದೆ. ಅನಾಲಿ, "ಅಮ್ಮಾ, ಇವತ್ತು ಶಾಲೇಲಿ ಒಂದು... ಆ ಇಗ್ನಾಸಿಯಾ ಇದಾಳಲ್ಲ, ಅವಳು..." ಎಂದು ಎಳೆಯುತ್ತಿದ್ದಳು. "ಜಗಳ ಆಡಿದ್ಲು ತಾನೆ? ಬೇರೆ ಬೆಂಚಲ್ಲಿ ಕೂತ್ಕೊ," ಎಂದೆ. "ಅದಲ್ಲ," ಎಂದಳು. ಆಮೇಲೆ "ಬಿಡು," ಎಂದಳು. ಒಂಬತ್ತು ವರ್ಷವಾದರೂ ಈ ಹುಡುಗಿ ಒಂದು ವಾಕ್ಯ ಮುಗಿಸುವುದಕ್ಕೆ ಅರ್ಧ ದಿನ ತೆಗೆದುಕೊಳ್ಳುತ್ತಾಳೆ. ನಾನು ಸಹಾಯ ಮಾಡದಿದ್ದರೆ ಊಟ ಆರಿಹೋಗುತ್ತದೆ.

ಜುಲೈ 3

ಇವತ್ತು ಒಂದು ಮಜವಾದ ಸಂಗತಿ ಪತ್ತೆ ಹಚ್ಚಿದೆ. ನಮ್ಮ ಪೈಲಟ್‌ಗಳೆಲ್ಲ ಸುಳ್ಳುಗಾರರು.

ಊರಿಗೆ ಎಷ್ಟು ದೂರ ಎಂದು ಕೇಳಿದರೆ ಎಲ್ಲರೂ "ಐದು ನಿಮಿಷ" ಎನ್ನುತ್ತಾರೆ. ಗಡಿಯಾರ ಹಿಡಿದು ನೋಡಿದರೆ ಒಬ್ಬನೂ ಐದು ನಿಮಿಷದಲ್ಲಿ ಬರುವುದಿಲ್ಲ. ಯಾಕೆ ಹೀಗೆ ಎಂದು ದೋನ್ ಓಸ್ಮಾನ್‌ರನ್ನು ಕೇಳಿದೆ. "ಎಂಟು ಅಂದೋನು ಮೇಲೆ ಸುತ್ತು ಹೊಡೀತಾನೆ, ಐದು ಅಂದೋನು ಕೆಳಗೆ ಊಟ ಮಾಡ್ತಾನೆ. ಅವರಪ್ಪಂದಿರೂ ಹಿಂಗೇ ಅಂತಿದ್ರು. ನಮ್ಮೂರಲ್ಲಿ ಮೋಟರ್‌ಸೈಕಲ್ ಮೇಲಿರೋನು ಮಾತ್ರ ನಿಜ ಹೇಳ್ತಾನಾ? ಮನೇಲೇ ಕೂತ್ಕೊಂಡು 'ಬಂದ್ಬಿಟ್ಟೆ, ಮೂಲೇಲಿದ್ದೀನಿ' ಅನ್ನಲ್ವಾ?"

"ಹಾಗಾದ್ರೆ ನೀವು ಸರದಿ ಹೇಗೆ ಕೊಡ್ತೀರಿ?"

"ಪಿಯೊನ ಐದು ಅಂದ್ರೆ ಒಂಬತ್ತು. ದೇಲ್ಮಿಯ ಐದು ಅಂದ್ರೆ ಏಳು. ಮೂವತ್ತನಾಲ್ಕು ವರ್ಷ ಆಯ್ತಲ್ಲ ಟೀಚರ್, ಕಿವಿಗೆ ಗೊತ್ತಾಗುತ್ತೆ."

ನನಗೆ ಮೈ ಜುಮ್ಮೆಂದಿತು. ಅಂದರೆ ಸುಳ್ಳಿಗೂ ಒಂದು ಶಿಸ್ತಿದೆ! ಅಳೆಯಬಹುದು. ಈ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪಟ್ಟಿ ಶುರು ಮಾಡಿದ್ದೇನೆ: ಹೆಸರು, ಹೇಳಿದ್ದು, ಬಂದದ್ದು.

ಜುಲೈ 28

ಪಿಯೊ: ಮೂವತ್ತೊಂದು ಸಲ ಅಳೆದೆ. ಎಂಟೂವರೆಗಿಂತ ಬೇಗ ಒಮ್ಮೆಯೂ ಬಂದಿಲ್ಲ. ಕ್ಯಾಪ್ಟನ್ ದೇಲ್ಮಿ: ಏಳು, ಭಾನುವಾರ ಆರು. ಬೌರೆಸ್ ಕಡೆಯ ಹೊಸ ಹುಡುಗ ಯೆರ್ಕೊ ಮಾತ್ರ ಇನ್ನೂ ಪಟ್ಟಿಗೆ ಸಿಕ್ಕಿಲ್ಲ, ಅವನು ಬರುವುದೇ ಅಪರೂಪ.

ಪಟ್ಟಿ ನೋಡಿ ಸರದಿ ಕೊಡುತ್ತೇನೆ. ಒಂದು ವಾರದಿಂದ ಯಾರೂ ಸುತ್ತು ಹೊಡೆಯಬೇಕಾಗಿಲ್ಲ. ದೋನ್ ಓಸ್ಮಾನ್ ಏನೂ ಹೇಳುವುದಿಲ್ಲ, ಗಿಣ್ಣಿನ ಬನ್ನು ಕುನ್ಯಪೆ ತಿನ್ನುತ್ತ ಕಿಟಕಿಯಾಚೆ ನೋಡುತ್ತಿರುತ್ತಾರೆ. ಅವರು ಮೂವತ್ತನಾಲ್ಕು ವರ್ಷದಲ್ಲಿ ಕಲಿತದ್ದನ್ನು ನಾನು ಐವತ್ತು ದಿನದಲ್ಲಿ ಕಲಿತೆ ಎಂದು ರುಡ್ಡಿಗೆ ಹೇಳಿದೆ. "ಅವರಿಗೆ ಹೇಳ್ಬೇಡ," ಎಂದ. ಅವನು ಗ್ಯಾರೇಜಿನಿಂದ ಬಂದು ಏನೋ ಕಾರ್ಬುರೇಟರ್ ವಿಷಯ ಹೇಳುತ್ತಿದ್ದ. ಅವನು ಬಳಸಿದ ಒಂದು ಪದ ತಪ್ಪು ಎಂದು ತಿದ್ದಿದೆ.

ಆಗಸ್ಟ್ 20

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಹುಲ್ಲು ಸುಡುವ ಕಾಲ. ಬೆಳಿಗ್ಗೆಯಿಂದ ಹೊಗೆ, ಗಾಳಿಯೇ ಇಲ್ಲ. ರನ್‌ವೇಯ ದಕ್ಷಿಣದ ತುದಿ ಮಸುಕಾಗಿತ್ತು. ಮಾಂಸ ತುಂಬಿದ ದೊಡ್ಡ ವಿಮಾನವೊಂದು ಹೊರಡಲು ಸಿದ್ಧವಾಗಿತ್ತು. ನಮ್ಮಲ್ಲಿ ಪಕ್ಕದ ದಾರಿ ಇಲ್ಲ, ಹೊರಡುವ ವಿಮಾನ ರನ್‌ವೇ ಮೇಲೆಯೇ ಉತ್ತರದ ತುದಿಯವರೆಗೆ ಹೋಗಿ ಅಲ್ಲಿ ತಿರುಗಬೇಕು. ಅದಕ್ಕೆ ಆರು ನಿಮಿಷ ಬೇಕು. ಅಷ್ಟರಲ್ಲಿ ದಕ್ಷಿಣದಿಂದ ಪಿಯೊ ಕರೆದ: "ಐದು ನಿಮಿಷ ಟೀಚರ್." ಅವನ ಐದು ಅಂದರೆ ಒಂಬತ್ತು. ನಲವತ್ತೆರಡು ಸಲ ಅಳೆದಿದ್ದೇನೆ. ದೋನ್ ಓಸ್ಮಾನ್ ಹವಾಮಾನದವರ ಜೊತೆ ಫೋನಿನಲ್ಲಿದ್ದರು. ನಾನು ಪಿಯೊಗೆ "ರನ್‌ವೇ ಕಂಡಾಗ ಹೇಳಿ" ಎಂದು, ಮಾಂಸದ ವಿಮಾನಕ್ಕೆ ರನ್‌ವೇ ಮೇಲೆ ಬರಲು ಅಪ್ಪಣೆ ಕೊಟ್ಟೆ.

ಅದು ರನ್‌ವೇ ಮಧ್ಯದಲ್ಲಿ ಅವನಿಗೆ ಬೆನ್ನು ಹಾಕಿ ಹೋಗುತ್ತಿದ್ದಾಗ ಪಿಯೊ, "ರನ್‌ವೇ ಕಾಣ್ತಿದೆ," ಎಂದ. ಹೊಗೆಯೊಳಗೆ ದೀಪ ಕಂಡಿತು. ಐದೇ ನಿಮಿಷವಾಗಿತ್ತು. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಬಾಯಿಬಡುಕಿ ಎಂದು ಊರೆಲ್ಲ ಹೆಸರಾದವಳಿಗೆ ಒಂದು ಮಾತು ಹೊರಡಲಿಲ್ಲ. ದೋನ್ ಓಸ್ಮಾನ್ ಫೋನ್ ಎಸೆದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡು, "ಪಿಯೊ, ಮೇಲೇಳು! ಮೇಲೇಳು!" ಎಂದು ಕೂಗಿದರು.

ಎದ್ದ. ಮಾಂಸದ ವಿಮಾನದ ನೆತ್ತಿಯ ಮೇಲೆ ಹಾದು ಹೋದ. ಅವನ ವಿಮಾನದ ಚಕ್ರದಲ್ಲಿ ಅಂಟಿದ್ದ ಕೆಸರು ಕಾಣಿಸುವಷ್ಟು ಕೆಳಗಿದ್ದ.

ಎರಡರಲ್ಲಿ ಸೇರಿ ಏಳು ಜನ. ಯಾರಿಗೂ ಏನೂ ಆಗಲಿಲ್ಲ. ಏಳು ಜನ.

ಆಗಸ್ಟ್ 21

ತರಬೇತಿಯಲ್ಲಿರುವವರು ಗುರುವಿನ ಪರವಾನಗಿಯ ಮೇಲೆ ಮಾತಾಡುತ್ತಾರೆ. ಆದ್ದರಿಂದ ವರದಿಯಲ್ಲಿ ತಪ್ಪಿನ ಮುಂದೆ ದೋನ್ ಓಸ್ಮಾನ್ ತಮ್ಮ ಹೆಸರನ್ನೇ ಬರೆದರು. ನಾನು ಪಕ್ಕದಲ್ಲಿ ನಿಂತು ಅತ್ತೆ. "ಅಳೋದಿದ್ರೆ ಕೆಳಗಡೆ. ಇಲ್ಲಿ ಗಾಜು ಮಂಜಾಗುತ್ತೆ," ಎಂದರು.

ಮಧ್ಯಾಹ್ನ ಪಿಯೊ ಮೆಟ್ಟಿಲು ಹತ್ತಿ ಬಂದ. ಹಿಂದೆ ಅವನಮ್ಮ, ಎಂಬತ್ತರ ಮುದುಕಿ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ಬೈಯಲು ಬಂದಿದ್ದಾನೆ ಎಂದುಕೊಂಡೆ. ಅವನು ಟೋಪಿ ಕೈಯಲ್ಲಿ ಹಿಡಿದು ನಿಂತ.

"ನಿನ್ನೆ ಅಮ್ಮ ಪಕ್ಕದಲ್ಲೇ ಕೂತಿದ್ಲು ಟೀಚರ್, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು. ಅವಳೆದುರು ಸುಳ್ಳು ಹೆಂಗೆ ಹೇಳ್ಲಿ? ಏಳನೇ ವರ್ಷದಲ್ಲಿ ಒಂದು ಸಲ ಹೇಳಿದ್ದೆ, ಇವತ್ತಿಗೂ ಬೆನ್ನು ಚುರುಚುರು ಅನ್ನುತ್ತೆ."

ಮುದುಕಿ ನನ್ನ ಗಲ್ಲ ಹಿಡಿದು, "ಇವನು ದಿನಾ ಸುಳ್ಳು ಹೇಳ್ತಾನಾ ಮಗಳೇ?" ಎಂದಳು. ಪಿಯೊ ಟೋಪಿಯ ಅಂಚು ತಿರುವತೊಡಗಿದ. ಅಷ್ಟರಿಂದಲೇ ಅವಳಿಗೆ ಗೊತ್ತಾಗಿ, ಇಳಿಯುವಾಗ ಮಗನ ತೋಳಿಗೆ ಎರಡು ಬಾರಿಸಿದಳು.

ಅವರು ಹೋದ ಮೇಲೆ ದೋನ್ ಓಸ್ಮಾನ್‌ರನ್ನು ಕೇಳಿದೆ: "ನೀವೂ ಇದೇ ಲೆಕ್ಕ ಹಾಕ್ತೀರಲ್ಲ? ನಿಮಗ್ಯಾಕೆ ಹೀಗಾಗಿಲ್ಲ?"

"ನಾನು ಲೆಕ್ಕ ಹಾಕ್ತೀನಿ, ಆಮೇಲೆ ಕಿಟಕಿ ನೋಡ್ತೀನಿ. ನೀವು ಲೆಕ್ಕ ಹಾಕಿ ನಂಬ್‌ಬಿಟ್ರಿ. ಅವನು ಸುಳ್ಳುಗಾರ ಅನ್ನೋದನ್ನ ಅವನಿಗಿಂತ ಜಾಸ್ತಿ ನಂಬಿದ್ರಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಸಲ ದೊಣ್ಣೆ ನನ್ನ ಕೈಯಲ್ಲಿತ್ತು. ಹಿಂದಿನ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ. ಒಂದು ತಿಂಗಳು ಮೈಕ್ ಮುಟ್ಟುವಂತಿಲ್ಲ. ಕುಳಿತು ಕೇಳಬೇಕು, ಅಷ್ಟೆ.

ಆಗಸ್ಟ್ 27

ಕೇಳಿದೆ. ಎಂಟು ಗಂಟೆ.

ಸೆಪ್ಟೆಂಬರ್ 4

ಕೈ ಕಟ್ಟಿ ಕೂರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಪ್ರತಿ ಸಲವೂ ನಾಲಿಗೆ ತುದಿಗೆ ಉತ್ತರ ಬರುತ್ತದೆ. ನುಂಗಬೇಕು. ಹತ್ತರಲ್ಲಿ ನಾಲ್ಕು ಸಲ ನನ್ನ ಉತ್ತರ ತಪ್ಪಾಗಿರುತ್ತದೆ. ಪೈಲಟ್ ಇನ್ನೊಂದು ಮಾತು ಸೇರಿಸುವವರೆಗೆ ಅದು ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 12

ಕ್ಯಾಪ್ಟನ್ ದೇಲ್ಮಿ ದಣಿದಾಗ ಮಾತಿನ ಮೊದಲ ಪದ ನುಂಗುತ್ತಾಳೆ. ಪಿಯೊಗೆ ಭಯವಾದಾಗ ತಮಾಷೆ ಜಾಸ್ತಿ. ಇದನ್ನೆಲ್ಲ ಯಾವ ಪಟ್ಟಿಯಲ್ಲಿ ಬರೆಯುವುದು?

ಸೆಪ್ಟೆಂಬರ್ 18

ಅನಾಲಿ ಸಂಜೆ ಇಗ್ನಾಸಿಯಾಳ ಬಗ್ಗೆ ಹೇಳಿದಳು. ಇಗ್ನಾಸಿಯಾಳ ಅಪ್ಪ ಮೀನು ಹಿಡಿಯಲು ಹೋದಾಗ ದೋಣಿಯೊಳಗೆ ಒಂದು ವಿದ್ಯುತ್ ಹಾವುಮೀನು ಬಂದಿತಂತೆ. ಅದನ್ನು ಮುಟ್ಟಿದ ಕೋಲು ಒದ್ದೆಯಾಗಿದ್ದರಿಂದ ಅವನಿಗೆ ಶಾಕ್ ಹೊಡೆಯಿತಂತೆ. ಅಂದಿನಿಂದ ಅವನು ನದಿಗೆ ಹೋಗುತ್ತಿಲ್ಲ. ಮನೆಯಲ್ಲಿ ಕಾಸಿಲ್ಲ. ಇಗ್ನಾಸಿಯಾ ಮಧ್ಯಾಹ್ನದ ಊಟ ತರುವುದಿಲ್ಲ. ಅನಾಲಿ ಜೂನ್ ತಿಂಗಳಿಂದ ತನ್ನದರಲ್ಲಿ ಅರ್ಧ ಅವಳಿಗೆ ಕೊಡುತ್ತಿದ್ದಾಳಂತೆ. ತನಗೆ ಹಸಿವಾಗುತ್ತದಂತೆ, ಡಬ್ಬಿ ಸ್ವಲ್ಪ ದೊಡ್ಡದು ಸಿಗುತ್ತದಾ ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು, ಅನ್ನ ತಳ ಹಿಡಿದಿತ್ತು.

ನಾಳೆ ಸಂತೆಯಲ್ಲಿ ದೊಡ್ಡ ಡಬ್ಬಿ ತರಬೇಕು.

ಸೆಪ್ಟೆಂಬರ್ 25

ಮೈಕ್ ವಾಪಸ್ ಬಂತು. ಪಿಯೊ ಕರೆದ. "ಐದು ನಿಮಿಷ ಟೀಚರ್." ಅವನಮ್ಮ ಪಕ್ಕದಲ್ಲಿದ್ದಾಳೋ ಇಲ್ಲವೋ, ಯಾರಿಗೆ ಗೊತ್ತು? "ಸರಿ. ಈಗ ನಿಮ್ಮ ಕೆಳಗೆ ಏನು ಕಾಣ್ತಿದೆ?" ಎಂದೆ. "ಕೆಳಗಾ? ...ಹಂದಿ ಫಾರ್ಮು." ಹಂದಿ ಫಾರ್ಮಿನಿಂದ ಎಂಟು ನಿಮಿಷ.

ಲೆಕ್ಕ ಮಾಡಿದ್ದೇನೆ ಎನ್ನುವ ಮಕ್ಕಳನ್ನು "ಮಾಡಿದ್ದೀಯಾ" ಎಂದು ಕೇಳಬಾರದು, "ಕೊನೇ ಲೆಕ್ಕಕ್ಕೆ ಎಷ್ಟು ಬಂತು" ಎಂದು ಕೇಳಬೇಕು. ಹನ್ನೆರಡು ವರ್ಷ ಮಾಡಿದ ಕೆಲಸ, ಇಲ್ಲಿ ನೆನಪಾಗುವುದಕ್ಕೆ ಇಷ್ಟು ದಿನ ಬೇಕಾಯಿತು. ದೋನ್ ಓಸ್ಮಾನ್ ಕುನ್ಯಪೆಯ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

ಅಕ್ಟೋಬರ್ 8

ಪರೀಕ್ಷಕಿ ಬಂದರು. ಸೆನ್ಯೊರಾ ಎಲ್ಫ್ರಿದಾ ಕಿಸ್ಬರ್ಟ್. ಕೆಳಗೆ ಮೂವತ್ತಾರು ಡಿಗ್ರಿ ಸೆಕೆ. ಅವರು ಕೈ ಮೇಲೆ ಉಣ್ಣೆಯ ಸ್ವೆಟರ್ ಹಾಕಿಕೊಂಡು ವಿಮಾನದಿಂದ ಇಳಿದರು. "ಲಾ ಪಾಸ್‌ನೋರು ಹಂಗೇ, ಬೆಟ್ಟದ ಚಳಿಯೋರು, ಸ್ವೆಟರ್ ಬಿಟ್ರೆ ಆತ್ಮ ಹೋಗುತ್ತೆ ಅನ್ಕೊಂಡಿರ್ತಾರೆ," ಎಂದ ಕೆಳಗಿನ ಕಾವಲುಗಾರ. ನಾಳೆ ಪರೀಕ್ಷೆ. ತಿಂಗಳ ಕೊನೆಗೆ ಇನ್ನು ಇಪ್ಪತ್ತಮೂರು ದಿನ.

ಅಕ್ಟೋಬರ್ 9

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಉತ್ತರದ ಬಿಸಿಗಾಳಿ. ಗಾಳಿಗೆದುರಾಗಿ ಇಳಿಯಬೇಕು, ಆದ್ದರಿಂದ ಎಲ್ಲರೂ ದಕ್ಷಿಣದ ತುದಿಯಿಂದ ಬರುತ್ತಿದ್ದರು. ನಾನು ಮೈಕಿನಲ್ಲಿ, ಸೆನ್ಯೊರಾ ಹಿಂದೆ ಕಾಗದ ಹಿಡಿದು, ದೋನ್ ಓಸ್ಮಾನ್ ಪಕ್ಕದಲ್ಲಿ ಎರಡನೇ ಮೈಕಿನೆದುರು. ಅಪಾಯವಾದರೆ ಹೊರತು ಅವರು ಮುಟ್ಟುವಂತಿರಲಿಲ್ಲ. ಎರಡು ಗಂಟೆ ಎಲ್ಲ ಸರಿಯಾಗಿತ್ತು.

ಹತ್ತೂ ಕಾಲಿಗೆ ದಕ್ಷಿಣದ ದಿಗಂತ ಕಪ್ಪಾಯಿತು. ಸುರಾಸೊ. ಧ್ರುವದ ಕಡೆಯ ಚಳಿಗಾಳಿ, ವರ್ಷದ ಈ ಹೊತ್ತಿಗೆ ಬರಬಾರದು, ಬಂತು. ಐದು ನಿಮಿಷದೊಳಗೆ ಗಾಳಿ ಹಿಂದುಮುಂದಾಯಿತು, ಬಯಲಿನ ಧೂಳೂ ಬೂದಿಯೂ ಎದ್ದವು, ಗಾಜು ನಡುಗಿತು. ಈಗ ಎಲ್ಲರೂ ಉತ್ತರದ ತುದಿಯಿಂದ ಇಳಿಯಬೇಕು. ಆಕಾಶದಲ್ಲಿ ಐದು ವಿಮಾನ. ಒಬ್ಬರನ್ನು ಪೂರ್ವಕ್ಕೆ ತಿರುಗಿಸಿದೆ, ಇನ್ನೊಬ್ಬರನ್ನು ಪಶ್ಚಿಮಕ್ಕೆ. ಇಬ್ಬರು ಒಟ್ಟಿಗೆ ಮಾತಾಡಿ ರೇಡಿಯೊ ಕಿರುಚಿತು. ಎಲ್ಲರೂ ಮುಂಚೆ ಇಳಿಯುವ ಆತುರದಲ್ಲಿದ್ದರು. ಐದು ನಿಮಿಷ, ಐದು ನಿಮಿಷ, ನಾಲ್ಕು ನಿಮಿಷ.

ಹಲಗೆ ನೋಡಿದೆ. ಐದು ಚೀಟಿ. ಮೂರನೆಯದನ್ನು ಮುಟ್ಟಿದ ಬೆರಳು ಅಲ್ಲೇ ನಿಂತಿತು. ಇದು ಎಲ್ಲಿದೆ? ತಲೆಯೊಳಗೆ ನೋಡಿದೆ. ಏನೂ ಇರಲಿಲ್ಲ. ಒಂದು ವಿಮಾನ ಮಾತ್ರವಲ್ಲ, ಐದೂ ಅಳಿಸಿ ಹೋಗಿದ್ದವು, ಹಲಗೆ ಒರೆಸಿದ ಹಾಗೆ.

ಊಹಿಸಬಹುದಿತ್ತು. ಊಹಿಸಿ ಗಟ್ಟಿ ದನಿಯಲ್ಲಿ ಹೇಳಿದ್ದರೆ ಹಿಂದೆ ಕುಳಿತವರಿಗೆ ಗೊತ್ತಾಗುತ್ತಿರಲಿಲ್ಲ. ದೋನ್ ಓಸ್ಮಾನ್‌ರ ಕೈ ಎರಡನೇ ಮೈಕಿನ ಹತ್ತಿರ ಹೋಗುವುದು ಕಂಡಿತು. ಅಷ್ಟರಲ್ಲಿ ನಾನು ಗುಂಡಿ ಒತ್ತಿದ್ದೆ.

"ಎಲ್ಲರಿಗೂ, ಟವರ್. ನನ್ನ ಚಿತ್ರ ಹೋಗಿದೆ. ಯಾರು ಎಲ್ಲಿದ್ದೀರಿ ಅಂತ ನನಗೆ ಗೊತ್ತಿಲ್ಲ. ಯಾರೂ ಇಳೀಬೇಡಿ, ಇರೋ ಎತ್ತರ ಬಿಡಬೇಡಿ. ಒಬ್ಬೊಬ್ಬರಾಗಿ, ಕೆಳಗೆ ಏನು ಕಾಣ್ತಿದೆ ಹೇಳಿ. ಮೊದಲು ಪಿಯೊ."

ಪೆನ್ಸಿಲು ಕೈಗೆತ್ತಿಕೊಂಡೆ. ಆಮೇಲೆ:

"ಪಿಯೊ. ಐದು ಅಂದಿದ್ದೆ ಟೀಚರ್, ಸುಳ್ಳು. ಹನ್ನೊಂದು ಆಗುತ್ತೆ. ಕೆಳಗೆ ಮಾಮೊರೆ ನದಿ ತಿರುವು, ಮರಳ ಮೇಲೆ ಎರಡು ದೋಣಿ."

"ದೇಲ್ಮಿ. ನಾಲ್ಕಲ್ಲ, ಏಳು. ಕೆಳಗೆ ಇಟ್ಟಿಗೆ ಗೂಡು. ಅಲ್ಲೇ ಸುತ್ತು ಹಾಕ್ತೀನಿ, ನಿಧಾನಕ್ಕೆ ಕರೀರಿ."

ಹೀಗೆ ಒಬ್ಬೊಬ್ಬರೂ. ಎಲ್ಲರೂ ತಾವು ಹೇಳಿದ್ದಕ್ಕಿಂತ ದೂರವಿದ್ದರು. ಕೊನೆಗೆ ಉಳಿದದ್ದು ಮೂರನೇ ಚೀಟಿ, ಬೌರೆಸ್‌ನ ಹೊಸ ಹುಡುಗ ಯೆರ್ಕೊ.

"ನಾನು ಎಂಟು ನಿಮಿಷ ಅಂದಿದ್ದೆ ಮೇಡಂ. ಹಿರಿಯರೆಲ್ಲ ಮುಂದೆ ಹೋಗ್ಲಿ, ನನಗ್ಯಾಕೆ ಜಗಳ ಅಂತ. ಅಷ್ಟು ದೂರ ಇಲ್ಲ."

"ಕೆಳಗೆ ಏನಿದೆ ಯೆರ್ಕೊ?"

"ಕೆಳಗೆ ನೀವೇ ಇದ್ದೀರಿ ಮೇಡಂ. ಟವರ್ ಮೇಲೆ ಬಟ್ಟೆ ಒಣಗೋಕೆ ಹಾಕಿದ್ದೀರಿ."

ಮೇಲೆ ನೋಡಿದೆ. ಧೂಳಿನೊಳಗೆ ಅವನ ವಿಮಾನದ ಹೊಟ್ಟೆ ಕಂಡಿತು. ಹಿರಿಯರಲ್ಲಿ ಯಾರನ್ನು ಊಹೆಯ ಮೇಲೆ ಒಳಗೆ ಕರೆದಿದ್ದರೂ ಅವನ ಮೇಲೇ ಬರುತ್ತಿದ್ದರು.

ಮೊದಲು ಅವನನ್ನು ಇಳಿಸಿದೆ. ಆಮೇಲೆ ದೇಲ್ಮಿ, ಆಮೇಲೆ ಇನ್ನಿಬ್ಬರು, ಕೊನೆಗೆ ಪಿಯೊ. ಇಪ್ಪತ್ತಾರು ನಿಮಿಷ. ಯಾರೂ ತಮಾಷೆ ಮಾಡಲಿಲ್ಲ. ಮುಗಿದಾಗ ಹೊರಗೆ ಹದಿನಾಲ್ಕು ಡಿಗ್ರಿ. ದೋನ್ ಓಸ್ಮಾನ್‌ರ ಹಲ್ಲು ಕಟಕಟ ಎನ್ನುತ್ತಿತ್ತು. ಸೆನ್ಯೊರಾ ಒಬ್ಬರೇ ಸ್ವೆಟರ್ ಹಾಕಿಕೊಂಡು ಬೆಚ್ಚಗೆ ಬರೆಯುತ್ತಿದ್ದರು.

ಅಕ್ಟೋಬರ್ 10

ಅನುತ್ತೀರ್ಣ.

ಸೆನ್ಯೊರಾ ಕಿಸ್ಬರ್ಟ್ ಕಾಗದವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. 'ಅಭ್ಯರ್ಥಿ ಉದ್ದಕ್ಕೂ ಚಿತ್ರ ಕಾಪಾಡಿಕೊಂಡಿದ್ದಾರೆಯೆ?' ಇಲ್ಲ. ಆ ಒಂದು ಸಾಲಿನಲ್ಲಿ ಇಲ್ಲ ಎಂದಿದ್ದರೆ ಉಳಿದ ಹತ್ತೊಂಬತ್ತು ಲೆಕ್ಕಕ್ಕೆ ಬರುವುದಿಲ್ಲ.

"ಇಪ್ಪತ್ತು ವರ್ಷದಿಂದ ಪರೀಕ್ಷೆ ಮಾಡ್ತಿದೀನಿ," ಎಂದರು. "ನನ್ನೆದುರು ಎಷ್ಟೋ ಜನ ಚಿತ್ರ ಕಳ್ಕೊಂಡಿರ್ತಾರೆ. ಬಾಯಿಬಿಟ್ಟು ಹೇಳಿದ್ದು ನೀವೊಬ್ಬರೇ. ಉಳಿದವರಲ್ಲಿ ಎಷ್ಟು ಜನಕ್ಕೆ ಪಾಸ್ ಅಂತ ಸಹಿ ಹಾಕಿದೀನೋ! ನಿನ್ನೆ ರಾತ್ರಿ ಹೋಟೆಲಲ್ಲಿ ಅದನ್ನೇ ಯೋಚಿಸ್ತಾ ಕೂತಿದ್ದೆ."

"ಹಾಗಾದ್ರೆ ನನಗೂ..."

"ಇಲ್ಲ. ನಿಮ್ಮ ಚಿತ್ರ ಹೋಗಿತ್ತು. ಹೋಗಬಾರದು. ಜನವರೀಲಿ ಮತ್ತೆ ಬರ್ತೀನಿ, ಅಲ್ಲೀವರೆಗೆ ಅಭ್ಯಾಸ ಮಾಡಿ."

ಜನವರಿ. ನನ್ನ ರಜೆ ಮುಗಿಯುವುದು ಈ ತಿಂಗಳು.

ನೋವಾಯಿತು. ತುಂಬ ನೋವಾಯಿತು. ಆದರೆ ಅವರು ಹೇಳಿದ್ದು ಸರಿ, ಅದಕ್ಕೇ ಜಗಳವಾಡಲೂ ಆಗಲಿಲ್ಲ.

ಅಕ್ಟೋಬರ್ 19

ಅಮ್ಮ ಮೂರು ಸಲ ಬಂದು ಹೋದಳು. "ಕೈಯಲ್ಲಿರೋ ತುತ್ತು ಬಿಸಾಕಿ ಹೊಗೆ ಹಿಂದೆ ಓಡ್ತಾರಾ? ಖಚಿತ ಆದ್ಮೇಲೆ ತಾನೆ ಬಿಡ್ತೀನಿ ಅಂದಿದ್ದೆ!" ಹೌದು, ಅಂದಿದ್ದೆ.

ಅಕ್ಟೋಬರ್ 26

ರುಡ್ಡಿ ಏನೂ ಹೇಳುತ್ತಿರಲಿಲ್ಲ. ಇವತ್ತು ಗ್ಯಾರೇಜಿಗೆ ಹೋಗಿ, ಬಿಚ್ಚಿದ ಎಂಜಿನ್ನಿನ ಪಕ್ಕ ಕುಳಿತು, "ನಿನಗೇನು ಹೆದರಿಕೆ?" ಎಂದು ಕೇಳಿದೆ. ಅವನು ಎರಡು ನಟ್ಟು ಬಿಗಿದ. ಮೂರನೆಯದನ್ನು ಬಿಗಿಯುತ್ತ, ದುಡ್ಡಿನದಲ್ಲ ಎಂದ. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಹೇಳಿದ:

"ಎರಡು ತಿಂಗಳಾಯ್ತು ನೈದಾ, ನೀನು ನನ್ನ ಒಂದ್ ಮಾತೂ ತಿದ್ದಿಲ್ಲ. ಮೊನ್ನೆ ಬೇಕಂತಲೇ ಮೂರು ತಪ್ಪು ಹೇಳ್ದೆ. ನೀನು ಸುಮ್ನೆ ಕೇಳಿಸ್ಕೊಂಡೆ. ನನ್ ಮೇಲಿದ್ದ ಮನಸ್ಸು ಹೋಗ್ಬಿಟ್ಟಿದೆ ಅನ್ಕೊಂಡೆ."

ನನಗೆ ನಗು ಬಂತು, ಆಮೇಲೆ ಅಳು ಬಂತು. ಅವನ ಗ್ರೀಸ್ ಕೈಯನ್ನೇ ಹಿಡಿದುಕೊಂಡು ಕುಳಿತೆ. ಮನಸ್ಸು ಎಲ್ಲಿಗೂ ಹೋಗಿಲ್ಲ ಎಂದೆ. "ಹಂಗಾದ್ರೆ ನೀನು ಹೆಂಗೆ ಮಾಡಿದ್ರೂ ಸರಿ," ಎಂದ. ಅಷ್ಟಕ್ಕೂ ನಾನು ಇವನನ್ನು ಯಾವಾಗ ತಿದ್ದುತ್ತಿದ್ದೆ? ಗಂಡಸರು ಇಲ್ಲದ್ದನ್ನೆಲ್ಲ ಹಚ್ಚಿಕೊಳ್ಳುತ್ತಾರೆ.

ಅಕ್ಟೋಬರ್ 31

ಜಿಲ್ಲಾ ಶಿಕ್ಷಣ ಕಚೇರಿ. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಕಿಟಕಿಯಲ್ಲಿ ದೋನ್ಯಾ ನೇರಿ. ನಾನು ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿಸಿಕೊಂಡವಳೂ ಅವಳೇ. ನನ್ನನ್ನು ಕಂಡೊಡನೆ ವಾಪಸ್ ಸೇರುವ ಅರ್ಜಿ ತೆಗೆದಿಟ್ಟಳು.

"ಇದಲ್ಲ, ಇನ್ನೊಂದು," ಎಂದೆ.

"ಪಾಸಾದ್ಯಾ? ಊರಲ್ಲೆಲ್ಲ ಫೇಲು ಅಂತಿದ್ರು!"

"ಫೇಲೇ."

"ಫೇಲಾದೋರು ವಾಪಸ್ ಬರ್ತಾರೆ ಕಣೇ. ಪಾಸಾದೋರು ರಾಜೀನಾಮೆ ಕೊಡೋದು. ನೀನೇನು ಉಲ್ಟಾ?"

"ಜನವರೀಲಿ ಇನ್ನೊಂದು ಸಲ ನೋಡ್ತಾರೆ."

"ಆಗ್ಲೂ ಫೇಲಾದ್ರೆ?"

"ಗೊತ್ತಿಲ್ಲ."

ಅವಳು ಕಾದಳು. ನಾನು ಇನ್ನೇನಾದರೂ ಸೇರಿಸುತ್ತೇನೆ ಎಂದುಕೊಂಡಿರಬೇಕು. ನಾನು ಪೆನ್ನಿನ ಮುಚ್ಚಳ ತೆಗೆದೆ. ಕೊನೆಗೆ ರಾಜೀನಾಮೆಯ ಹಾಳೆ ತಳ್ಳಿ, ಎಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ಸಹಿ ಹಾಕಿದೆ.

"ಅಲ್ಲಾ, ಗೊತ್ತಿಲ್ಲ ಅಂತ ಇಷ್ಟು ಆರಾಮಾಗಿ ಹೇಳ್ತೀಯಲ್ಲೇ!" ಎಂದಳು.

ಮತ್ತೆ ಹೇಗೆ ಹೇಳಬೇಕಿತ್ತು ಎಂದು ಟವರಿನವರೆಗೂ ಯೋಚಿಸುತ್ತ ಬಂದೆ. ಹೊಳೆಯಲಿಲ್ಲ. ಒಂದು ಗಂಟೆಗೆ ಪಾಳಿ ಶುರುವಾಯಿತು.